ಗಂಡನ ದೇಶಕ್ಕೆ ಹೋಗಿ ನೆಲೆಸುವ ಮುನ್ನ: ನಿಮ್ಮ ಹೆಸರಿನಲ್ಲಿ ಏನೇನಿರಬೇಕು?

ಪ್ರಶ್ನೆ:

"ನನಗೆ 31 ವರ್ಷ. ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಗಂಡ ಜರ್ಮನಿಯವರು. ಎರಡು ವರ್ಷದ ಹಿಂದೆ ವಿಶೇಷ ವಿವಾಹ ಕಾಯ್ದೆಯಡಿ ನಮ್ಮ ರಿಜಿಸ್ಟರ್ ಮದುವೆ ಆಯಿತು. ಇಲ್ಲಿಯವರೆಗೂ ಮೈಸೂರಿನಲ್ಲೇ ಸಂಸಾರ. ಈಗ ಮಾವನವರ ಆರೋಗ್ಯ ಕೆಟ್ಟಿದೆ. ಹಾಗಾಗಿ ಇವರು ತಮ್ಮ ಊರಿಗೆ ವಾಪಸ್ ಹೋಗಬೇಕು ಅಂತಿದ್ದಾರೆ. ಕಾಸೆಲ್ ಹತ್ತಿರದ ಸಣ್ಣ ಊರು ಅದು. ಅತ್ತೆ ಮಾವನ ಮನೆಯ ಮೇಲಿನ ಮಹಡಿಯಲ್ಲಿ ನಾವಿರಬೇಕು. 'ಮೊದಲ ಒಂದೆರಡು ವರ್ಷ ಕೆಲಸದ ತಲೆಬಿಸಿ ಬೇಡ, ನಾನಿದ್ದೀನಲ್ಲ' ಅಂತ ಇವರು ಹೇಳುತ್ತಾರೆ. ಒಳ್ಳೆಯ ಮನುಷ್ಯ, ಆ ಬಗ್ಗೆ ಅನುಮಾನವಿಲ್ಲ. ಆದರೆ ಚಿಕ್ಕಮ್ಮ, 'ಇವತ್ತು ಜಗಳ ಆದ್ರೆ ನಾಳೆ ನಿನ್ನ ವೀಸಾ ಕ್ಯಾನ್ಸಲ್' ಅಂತಾರೆ. ಅಣ್ಣ, 'ಅಲ್ಲಿಯ ಪೌರತ್ವ ತಗೋ, ಅರ್ಧ ಆಸ್ತಿ ನಿಂದೇ' ಅಂತಾನೆ. ಮಂಡ್ಯದ ಹತ್ತಿರದ ಜಮೀನಿನಲ್ಲಿ ನನ್ನ ಪಾಲು ಏನಾಗುತ್ತೋ ಅನ್ನೋದು ಅಪ್ಪನ ಚಿಂತೆ. ಅಮ್ಮ ಮಾತ್ರ ಧೈರ್ಯ ಹೇಳುತ್ತಾರೆ: 'ಹೋಗಿ ನೋಡು, ಸರಿಹೋಗದಿದ್ರೆ ಮಗು ಎತ್ಕೊಂಡು ಬಂದ್ಬಿಡು.' ಮಗು ಇನ್ನೂ ಆಗಿಲ್ಲ. ಮುಂದಿನ ವರ್ಷ ಅಂದುಕೊಂಡಿದ್ದೇವೆ. ಇಷ್ಟೆಲ್ಲ ಲೆಕ್ಕ ಹಾಕಿದರೆ ಗಂಡನ ಮೇಲೆ ನಂಬಿಕೆ ಇಲ್ಲ ಅಂತ ಆಗುತ್ತಾ?"
– ಹೆಸರು ಬೇಡ, ಮೈಸೂರು

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಇಲ್ಲ, ಹಾಗೇನೂ ಆಗುವುದಿಲ್ಲ. ನಿಮ್ಮ ಗಂಡ ಮೈಸೂರಿನಲ್ಲಿದ್ದ ಎರಡು ವರ್ಷ ನೆನಪು ಮಾಡಿಕೊಳ್ಳಿ. ಬಾಡಿಗೆ ಕರಾರು, ಗ್ಯಾಸ್ ಕನೆಕ್ಷನ್, ಪೊಲೀಸ್ ಪರಿಶೀಲನೆಗೆ ಬಂದವರ ಜೊತೆ ಮಾತು, ಕೊನೆಗೆ ಪ್ಲಂಬರ್ ಹತ್ತಿರ ಚೌಕಾಸಿ, ಎಲ್ಲದಕ್ಕೂ ಅವರು ನಿಮ್ಮ ಮುಖ ನೋಡಿರುತ್ತಾರೆ. ಈಗ ಆ ಜಾಗಕ್ಕೆ ನೀವು ಹೋಗುತ್ತೀರಿ, ಅಷ್ಟೇ. ಅವರಿಗೆ ಅದು ಹುಟ್ಟೂರು. ಭಾಷೆ, ಸ್ನೇಹಿತರು, ಬ್ಯಾಂಕು, ಡಾಕ್ಟರು, ಮನೆ ಎಲ್ಲ ಅವರದ್ದು. ನಿಮಗೆ ಪ್ರತಿಯೊಂದೂ ಅವರ ಮೂಲಕವೇ ಬರಬೇಕು. ಗಂಡ ಕೆಟ್ಟವನಾದರೆ ಮಾತ್ರ ಇದು ಸಮಸ್ಯೆ ಅಂದುಕೊಳ್ಳಬೇಡಿ. ಗಂಡನಿಗೆ ಕಾಯಿಲೆ ಬಂದರೆ, ಕೆಲಸ ಹೋದರೆ, ತಂದೆಯ ಆರೈಕೆಯಲ್ಲೇ ಅವರ ದಿನವೆಲ್ಲ ಕಳೆದರೂ ಇದು ಸಮಸ್ಯೆಯೇ.

ನಾನು ಕೌಟುಂಬಿಕ ಕಾನೂನಿನ ವಕೀಲೆ. ಹೊರದೇಶದವರನ್ನು ಮದುವೆಯಾದವರ ಪ್ರಕರಣಗಳನ್ನೇ ಜಾಸ್ತಿ ನೋಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಕ್ರೌರ್ಯಕ್ಕೆ ಸಿಕ್ಕಿ ಬಂದವರು ಇದ್ದಾರೆ, ನಿಜ. ಆದರೆ ಅವರಿಗಿಂತ ಹೆಚ್ಚಿನವರು ಒಳ್ಳೆಯ ಗಂಡಸರ ಹೆಂಡತಿಯರೇ. ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ ನೋಡಿದರೆ ಅವರ ಹೆಸರಿನಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ನಿಮ್ಮ ಮನೆಯವರ ಒಂದೊಂದು ಮಾತನ್ನೂ ಇದೇ ಕಣ್ಣಿನಿಂದ ನೋಡೋಣ.

ಚಿಕ್ಕಮ್ಮನ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಿಮಗೆ ಸಿಗುವುದು ಕುಟುಂಬ ಸೇರುವ ವೀಸಾ. ಅಲ್ಲಿಗೆ ಹೋದ ಮೇಲೆ ಅದು ವಾಸದ ಪರವಾನಗಿ ಆಗುತ್ತದೆ. ಆ ಪರವಾನಗಿ ನಿಂತಿರುವುದು ನೀವಿಬ್ಬರೂ ಒಟ್ಟಿಗೆ ಸಂಸಾರ ಮಾಡುತ್ತಿದ್ದೀರಿ ಅನ್ನುವುದರ ಮೇಲೆ. ಜರ್ಮನಿಯಲ್ಲಿ ಮೂರು ವರ್ಷ ಹಾಗೆ ಒಟ್ಟಿಗೆ ಬಾಳಿದ ಮೇಲೆ ಬೇರೆಯಾದರೂ ನಿಮಗೆ ಸ್ವತಂತ್ರ ವಾಸದ ಹಕ್ಕು ಬರುತ್ತದೆ. ಮೊದಲಿಗೆ ಒಂದು ವರ್ಷಕ್ಕೆ ಕೊಡುತ್ತಾರೆ, ಆಮೇಲೆ ಅದನ್ನು ಮುಂದುವರಿಸಿಕೊಳ್ಳಬೇಕು. ಇಲ್ಲಿ ಎರಡು ವಿಷಯ ಗಮನಿಸಿ. ಮೈಸೂರಿನಲ್ಲಿ ಬಾಳಿದ ಎರಡು ವರ್ಷ ಈ ಲೆಕ್ಕಕ್ಕೆ ಬರುವುದಿಲ್ಲ, ಜರ್ಮನಿಯಲ್ಲಿ ಒಟ್ಟಿಗೆ ಇದ್ದ ದಿನದಿಂದಲೇ ಎಣಿಕೆ. ಮತ್ತೆ, ಆ ಎಣಿಕೆ ನಿಲ್ಲುವುದು ವಿಚ್ಛೇದನದ ದಿನವಲ್ಲ, ನೀವು ಬೇರೆಯಾದ ದಿನವೇ.

ಮೂರು ವರ್ಷ ತುಂಬುವ ಮೊದಲೇ ಮುರಿದರೆ? ಮಾರನೇ ದಿನ ಯಾರೂ ವಿಮಾನ ಹತ್ತಿಸುವುದಿಲ್ಲ. ಪರವಾನಗಿಯ ಅವಧಿಯನ್ನು ಕಡಿಮೆ ಮಾಡುವ ಅಧಿಕಾರ ಅಲ್ಲಿನ ವಿದೇಶಿಯರ ಕಚೇರಿಗೆ ಇದೆ. ಅದಕ್ಕೂ ಒಂದು ಕ್ರಮವಿದೆ, ನೋಟಿಸ್ ಇದೆ, ನಿಮ್ಮ ಉತ್ತರಕ್ಕೆ ಅವಕಾಶ ಇದೆ. ಮನೆಯಲ್ಲಿ ಹಿಂಸೆ ನಡೆದಿದ್ದರೆ ಮೂರು ವರ್ಷದ ಷರತ್ತನ್ನೇ ಬಿಡುವ ಅವಕಾಶ ಕಾನೂನಿನಲ್ಲಿದೆ. 116 016 ಅನ್ನುವುದು ಹೆಣ್ಣುಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಉಚಿತವಾಗಿ ನಡೆಯುತ್ತದೆ, ಇಂಗ್ಲಿಷಿನಲ್ಲೂ ಮಾತಾಡಬಹುದು. ನಿಮಗೆ ಅದು ಎಂದೂ ಬೇಕಾಗದಿರಲಿ, ಆದರೂ ನಂಬರ್ ಫೋನಿನಲ್ಲಿರಲಿ.

ಚಿಕ್ಕಮ್ಮನಿಗೆ ಗೊತ್ತಿಲ್ಲದ ಇನ್ನೊಂದು ದಾರಿ ಇದೆ. ನನ್ನ ಪ್ರಕಾರ ನಿಮ್ಮ ಮಟ್ಟಿಗೆ ಅದೇ ಮುಖ್ಯ. ಹೆಂಡತಿ ಅನ್ನುವ ಕಾರಣಕ್ಕೆ ಸಿಕ್ಕ ಪರವಾನಗಿಯನ್ನು ಉದ್ಯೋಗದ ಪರವಾನಗಿಯಾಗಿ ಬದಲಾಯಿಸಿಕೊಳ್ಳಬಹುದು. ಅದಕ್ಕೆ ಬೇಕಾದ್ದು ಅಲ್ಲಿ ಮಾನ್ಯವಾದ ವೃತ್ತಿ ಮತ್ತು ಒಂದು ನೌಕರಿ. ಅಂದರೆ ನಿಮ್ಮ ಫಿಸಿಯೋಥೆರಪಿಯೇ ನಿಮ್ಮ ಎರಡನೇ ವೀಸಾ. ಹಾಗಾಗಿ 'ಒಂದೆರಡು ವರ್ಷ ಕೆಲಸದ ತಲೆಬಿಸಿ ಬೇಡ' ಅನ್ನುವ ನಿಮ್ಮ ಗಂಡನ ಮಾತು ಪ್ರೀತಿಯಿಂದ ಬಂದಿದ್ದರೂ ನಿಮಗೆ ತುಂಬಾ ದುಬಾರಿಯಾಗುತ್ತದೆ. ಕಾನೂನಿನ ಪ್ರಕಾರ ನೀವು ಕಾಲಿಟ್ಟ ದಿನದಿಂದಲೇ ಕೆಲಸ ಮಾಡಬಹುದು, ಬೇರೆ ಅನುಮತಿ ಬೇಕಿಲ್ಲ. ತಡ ಆಗುವುದು ವೃತ್ತಿಯ ಮಾನ್ಯತೆಯಲ್ಲಿ.

ಜರ್ಮನಿಯಲ್ಲಿ ಫಿಸಿಯೋಥೆರಪಿ ಕಾನೂನಿನ ನಿಯಂತ್ರಣ ಇರುವ ವೃತ್ತಿ. ಮಾನ್ಯತೆ ಸಿಗದೆ ಆ ಹೆಸರು ಹೇಳಿಕೊಂಡು ಕೆಲಸ ಮಾಡುವಂತಿಲ್ಲ. ತಮಾಷೆ ಅಂದರೆ, ನೀವು ಇಲ್ಲಿ ಪದವಿಯಾಗಿ ಓದಿದ್ದನ್ನು ಅಲ್ಲಿ ಬಹುಪಾಲು ಜನ ಮೂರು ವರ್ಷದ ವೃತ್ತಿ ತರಬೇತಿಯಾಗಿ ಕಲಿಯುತ್ತಾರೆ. ಹಾಗಂತ ನಿಮ್ಮ ಬಿ.ಪಿ.ಟಿ. ತಾನಾಗಿ ಒಪ್ಪಿಗೆಯಾಗುವುದಿಲ್ಲ. ಯಾವ ವಿಷಯ ಎಷ್ಟು ಗಂಟೆ, ಕ್ಲಿನಿಕಲ್ ಎಷ್ಟು ಗಂಟೆ ಅಂತ ಒಂದೊಂದಾಗಿ ಹೋಲಿಸುತ್ತಾರೆ. ದೊಡ್ಡ ವ್ಯತ್ಯಾಸ ಕಂಡರೆ ಒಂದಿಷ್ಟು ಕಾಲ ಹೊಂದಾಣಿಕೆ ತರಬೇತಿ ಮಾಡಿ ಅಥವಾ ಪರೀಕ್ಷೆ ಬರೆಯಿರಿ ಅನ್ನುತ್ತಾರೆ. ಜೊತೆಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ (ಭಾಷೆಯ ಮಟ್ಟಗಳು ಎ1, ಎ2, ಬಿ1, ಬಿ2 ಅಂತ ಮೇಲೇರುತ್ತವೆ). ಫಿಸಿಯೋಥೆರಪಿಸ್ಟ್‌ಗಳ ಕೊರತೆ ಅಲ್ಲಿ ಚೆನ್ನಾಗಿಯೇ ಇದೆ. ಮಾನ್ಯತೆ ಕೈಗೆ ಬಂದರೆ ಸಣ್ಣ ಊರಿನಲ್ಲೂ ಕೆಲಸಕ್ಕೆ ತೊಂದರೆಯಾಗಲಾರದು.

ಅರ್ಜಿಯನ್ನು ಇಲ್ಲಿಂದಲೇ ಹಾಕಬಹುದು. ಕಾಸೆಲ್ ಹೆಸ್ಸೆನ್ ರಾಜ್ಯದಲ್ಲಿದೆ, ಆದ್ದರಿಂದ ಆ ರಾಜ್ಯದ ಪ್ರಾಧಿಕಾರಕ್ಕೆ. ನೀವು ಓದಿದ್ದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಾದರೆ ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್, ನಿಮ್ಮ ಬ್ಯಾಚಿನ ಸಿಲಬಸ್ ಪ್ರತಿ, ಇಂಟರ್ನ್‌ಶಿಪ್ಪಿನಲ್ಲಿ ಯಾವ ವಿಭಾಗದಲ್ಲಿ ಎಷ್ಟು ಗಂಟೆ ಅನ್ನುವ ಪತ್ರ, ಈಗಿನ ಆಸ್ಪತ್ರೆಯ ಅನುಭವ ಪತ್ರ, ಇಷ್ಟನ್ನೂ ಸೀಲು ಸಹಿ ಸಮೇತ ಇಲ್ಲಿರುವಾಗಲೇ ಮಾಡಿಸಿಕೊಳ್ಳಿ. ಕಾಸೆಲ್‌ನಲ್ಲಿ ಕೂತು ಕಾಲೇಜಿನ ಗುಮಾಸ್ತರಿಗೆ ಫೋನ್ ಮಾಡಿ ಸಿಲಬಸ್ ತರಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ಭಾಷೆಯ ವಿಷಯದಲ್ಲಿ ಒಂದು ವಿಚಿತ್ರ ನಿಯಮವಿದೆ. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ನೌಕರರಿಗೆ ಕೊಡುವ ಪರವಾನಗಿ) ಮೇಲೆ ಜರ್ಮನಿಗೆ ಹೋದರೆ ಅವನ ಹೆಂಡತಿ ಒಂದಕ್ಷರ ಜರ್ಮನ್ ಬರದೆಯೂ ಹೋಗಬಹುದು. ಜರ್ಮನ್ ಪ್ರಜೆಯ ಹೆಂಡತಿಯಾದ ನೀವು ಮಾತ್ರ ಸಾಮಾನ್ಯವಾಗಿ ಎ1 ಪರೀಕ್ಷೆ ಪಾಸು ಮಾಡಿಯೇ ಹೋಗಬೇಕು. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಬಹುದು, ಪರೀಕ್ಷೆಯೂ ಅಲ್ಲೇ. ಎ1 ಅಂದರೆ ಹೆಸರು, ಊರು, ಬೆಲೆ ಕೇಳುವಷ್ಟು. ವೀಸಾಗೆ ಅದು ಸಾಕು, ಬದುಕಿಗೆ ಸಾಲದು. ಮನೆಯಲ್ಲಿ ನೀವಿಬ್ಬರೂ ಇಂಗ್ಲಿಷಿನಲ್ಲೇ ಮಾತಾಡುವವರಾದರೆ ಎಷ್ಟು ವರ್ಷ ಕಳೆದರೂ ಜರ್ಮನ್ ಅಲ್ಲೇ ನಿಂತಿರುತ್ತದೆ. ಅಲ್ಲಿಗೆ ಹೋದ ಮೇಲೆ ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಇದೆ. 600 ಗಂಟೆ ಭಾಷೆ, 100 ಗಂಟೆ ಅಲ್ಲಿನ ಕಾನೂನು, ಇತಿಹಾಸ, ಸಮಾಜ. ಅದನ್ನು ಮುಂದೂಡಬೇಡಿ. ಮಾವನವರ ಆರೈಕೆಗೆ ಮನೆಯಲ್ಲಿ ಒಬ್ಬರು ಬೇಕು ಅಂತ ಬಂದಾಗ ಮೊದಲು ಬಿಟ್ಟುಹೋಗುವುದು ಸೊಸೆಯ ಕ್ಲಾಸೇ. ನಮ್ಮಲ್ಲಿ ಮಾತ್ರ ಅಲ್ಲ, ಅಲ್ಲಿಯೂ ಹಾಗೇ. ಫಿಸಿಯೋಥೆರಪಿಸ್ಟ್ ಸೊಸೆ ಬೇರೆ! ಇದನ್ನು ಹೊರಡುವ ಮೊದಲೇ ಗಂಡನ ಜೊತೆ ಬಾಯಿಬಿಟ್ಟು ಮಾತಾಡಿ.

ಈಗ ಅಮ್ಮನ ಮಾತು. ಎಲ್ಲರ ಮಾತಿನಲ್ಲಿ ಕೇಳಲು ಹಿತವಾಗಿರುವುದು ಇದೇ, ಅತ್ಯಂತ ಅಪಾಯದ್ದೂ ಇದೇ. 'ಮಗು ಎತ್ಕೊಂಡು ಬಂದ್ಬಿಡು' ಅನ್ನುವುದು ನಮ್ಮ ತಾಯಂದಿರಿಗೆ ಸಹಜವಾದ ಮಾತು. ತವರು ಮನೆಯ ಬಾಗಿಲು ತೆರೆದಿದೆ ಅನ್ನುವ ಧೈರ್ಯ ಅದರಲ್ಲಿದೆ. ಆದರೆ ಮಗು ಅಲ್ಲಿ ಹುಟ್ಟಿ ಅಲ್ಲಿ ಬೆಳೆಯುತ್ತಿದ್ದರೆ ಕಾನೂನಿನ ಪ್ರಕಾರ ಮಗುವಿನ ಮನೆ ಜರ್ಮನಿ. ಮದುವೆಯಾದ ತಂದೆ ತಾಯಿಗೆ ಮಗುವಿನ ಮೇಲೆ ಜಂಟಿ ಹಕ್ಕು. ತಂದೆಯ ಒಪ್ಪಿಗೆಯಿಲ್ಲದೆ ಮಗುವನ್ನು ಬೇರೆ ದೇಶಕ್ಕೆ ಕರೆದುಕೊಂಡು ಹೋಗಿ ಅಲ್ಲೇ ಇಟ್ಟುಕೊಂಡರೆ ಅದು ಅಪಹರಣ. ಹೆತ್ತ ತಾಯಿ ಮಾಡಿದರೂ ಅಪಹರಣವೇ. ಜರ್ಮನಿಯ ದಂಡ ಸಂಹಿತೆಯ 235ನೇ ಕಲಂ ಅದಕ್ಕೇ ಇದೆ.

ಇಲ್ಲಿ ಕೆಲವರು ಬುದ್ಧಿವಂತಿಕೆಯ ಮಾತು ಹೇಳುತ್ತಾರೆ. ಮಕ್ಕಳ ಅಪಹರಣದ ಬಗ್ಗೆ 1980ರ ಹೇಗ್ ಒಪ್ಪಂದ ಇದೆ, ಜರ್ಮನಿ ಅದರಲ್ಲಿದೆ, ಭಾರತ ಸೇರಿಲ್ಲ, ಆದ್ದರಿಂದ ಇಲ್ಲಿಗೆ ಬಂದುಬಿಟ್ಟರೆ ಯಾರೂ ಏನೂ ಮಾಡಲಾಗದು ಅಂತ. ಅರ್ಧ ಮಾತ್ರ ಸರಿ. ಆ ಒಪ್ಪಂದದ ಪ್ರಕಾರ ಮಗುವನ್ನು ವಾಪಸ್ ಕಳಿಸಿ ಅಂತ ಇಲ್ಲಿ ಕೇಳಲಾಗದು, ನಿಜ. ಆದರೆ ಗಂಡ ಇಲ್ಲಿಯ ಹೈಕೋರ್ಟಿನಲ್ಲಿ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅಂತ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು, ಹಾಕುತ್ತಾರೆ ಕೂಡ. ಹೊರದೇಶದ ಕೋರ್ಟಿನ ಆದೇಶಕ್ಕಿಂತ ಮಗುವಿನ ಹಿತವೇ ದೊಡ್ಡದು ಅಂತ ನಮ್ಮ ಸುಪ್ರೀಂ ಕೋರ್ಟ್ 2017ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದೇ ಹಿತದ ಹೆಸರಿನಲ್ಲಿ ಮಗುವನ್ನು ವಾಪಸ್ ಕಳಿಸಿದ ತೀರ್ಪುಗಳೂ ಇವೆ. ಯಾವ ಕಡೆಗೆ ಹೋಗುತ್ತದೆ ಅಂತ ಯಾವ ವಕೀಲರೂ ಮುಂಚೆ ಹೇಳಲಾರರು. ಅಷ್ಟರಲ್ಲಿ ಜರ್ಮನಿಯ ಕೋರ್ಟು ಮಗುವಿನ ಪೂರ್ತಿ ಹಕ್ಕನ್ನು ತಂದೆಗೆ ಕೊಟ್ಟಿರಬಹುದು. ನಿಮ್ಮ ಮೇಲೆ ಕ್ರಿಮಿನಲ್ ಕೇಸು ನಿಂತಿರಬಹುದು. ಆಮೇಲೆ ನೀವು ಯುರೋಪಿಗೆ ಕಾಲಿಡುವುದೇ ಕಷ್ಟ.

ಭಾರತ ಆ ಒಪ್ಪಂದದಲ್ಲಿ ಇಲ್ಲದಿರುವುದರಿಂದ ನಿಮಗೆ ಇನ್ನೊಂದು ತೊಂದರೆ ಇದೆ. ಅದನ್ನು ಯಾರೂ ಹೇಳುವುದಿಲ್ಲ. ಸಂಸಾರ ಬಿರುಕು ಬಿಟ್ಟಾಗ ಗಂಡನ ಕಡೆಯ ವಕೀಲರು ಕೋರ್ಟಿಗೆ ಹೋಗಿ, ಇವರು ರಜೆಗೆ ಅಂತ ಮಗುವನ್ನು ಕರೆದುಕೊಂಡು ಹೋದರೆ ಅಲ್ಲಿಂದ ವಾಪಸ್ ತರಿಸಲು ಒಪ್ಪಂದವೇ ಇಲ್ಲ, ಆದ್ದರಿಂದ ಪ್ರಯಾಣಕ್ಕೆ ತಡೆ ಕೊಡಿ ಅಂತ ಕೇಳಬಹುದು. ಆಗ ಅಜ್ಜಿ ತಾತನನ್ನು ನೋಡಲು ಎರಡು ವಾರ ಬರುವುದಕ್ಕೂ ಕೋರ್ಟಿನ ಅನುಮತಿ ಬೇಕಾಗುತ್ತದೆ.

ಹಾಗಾದರೆ ಮಗುವಿನ ಜೊತೆ ವಾಪಸ್ ಬರುವ ದಾರಿಯೇ ಇಲ್ಲವಾ? ಇದೆ. ಒಂದು, ಗಂಡನ ಬರವಣಿಗೆಯ ಒಪ್ಪಿಗೆ. ಇನ್ನೊಂದು, ಅಲ್ಲಿನ ಕುಟುಂಬ ನ್ಯಾಯಾಲಯದಲ್ಲಿ ಮಗು ಎಲ್ಲಿರಬೇಕು ಅಂತ ನಿರ್ಧರಿಸುವ ಹಕ್ಕನ್ನು ಕೇಳುವುದು. ಮಗುವನ್ನು ಇಷ್ಟು ದಿನ ನೋಡಿಕೊಂಡಿದ್ದು ಯಾರು, ಭಾರತದಲ್ಲಿ ಮನೆ, ಶಾಲೆ, ಆದಾಯ ಏನು, ತಂದೆಯ ಜೊತೆ ಮಗುವಿನ ಸಂಬಂಧ ಹೇಗೆ ಉಳಿಸುತ್ತೀರಿ ಅಂತೆಲ್ಲ ಕೋರ್ಟು ಕೇಳುತ್ತದೆ. ಸಮಯ ಹಿಡಿಯುತ್ತದೆ, ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಮಗು ಹುಟ್ಟುವ ಮೊದಲೇ 'ಬೇರೆಯಾದರೆ ಮಗು ತಾಯಿಯ ಜೊತೆ ಭಾರತಕ್ಕೆ' ಅಂತ ಕರಾರು ಬರೆಸಿದರೆ ಅದು ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಆದರೂ ಆ ಮಾತುಕತೆ ಈಗಲೇ ಆಗಲಿ. ಗಂಡನ ಮನಸ್ಸಿನಲ್ಲಿ ಏನಿದೆ ಅಂತ ನಿಮಗೆ ಗೊತ್ತಾಗುತ್ತದೆ.

ಇನ್ನೊಂದು ಮುಖವೂ ಇದೆ. ಜರ್ಮನ್ ತಂದೆಗೆ ಹುಟ್ಟುವ ನಿಮ್ಮ ಮಗು ಹುಟ್ಟಿನಿಂದಲೇ ಜರ್ಮನ್ ಪ್ರಜೆ. ಜರ್ಮನ್ ಮಗುವನ್ನು ಸಾಕುತ್ತಿರುವ ತಾಯಿಗೆ, ಸಂಸಾರ ಮುರಿದರೂ, ಅಲ್ಲಿರುವ ಹಕ್ಕು ಇದೆ. ಮೂರು ವರ್ಷದ ಮಾತೇ ಇಲ್ಲ. ಅಂದರೆ ಅಲ್ಲೇ ಉಳಿಯುವ ಹಕ್ಕನ್ನು ಮಗು ಗಟ್ಟಿ ಮಾಡುತ್ತದೆ, ಬಿಟ್ಟು ಬರುವ ಸ್ವಾತಂತ್ರ್ಯವನ್ನು ಕಡಿಮೆ ಮಾಡುತ್ತದೆ. ಈ ಎರಡನ್ನೂ ತೂಗಿ ನೋಡಿ. ಸಾಧ್ಯವಾದರೆ ಮಗುವಿನ ಯೋಚನೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಆ ಊರು ನಿಮಗೆ ಒಗ್ಗುತ್ತದಾ ಅಂತ ತಿಳಿಯಲು ಕನಿಷ್ಠ ಒಂದು ಚಳಿಗಾಲ ಅಲ್ಲಿ ಕಳೆಯಬೇಕು. ವಯಸ್ಸಿನ ಲೆಕ್ಕ ನಿಮ್ಮ ಡಾಕ್ಟರ ಜೊತೆ ಮಾತಾಡಿ, ಅದು ನನ್ನ ವಿಷಯವಲ್ಲ.

ಬಾಣಂತನಕ್ಕೆ ತವರಿಗೆ ಬರುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಆರು ತಿಂಗಳಿಗಿಂತ ಜಾಸ್ತಿ ಜರ್ಮನಿಯ ಹೊರಗಿದ್ದರೆ ವಾಸದ ಪರವಾನಗಿ ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತದೆ. ಏಳನೇ ತಿಂಗಳಿಗೆ ಬಂದು, ಹೆರಿಗೆ ಮುಗಿಸಿ, ಐದು ತಿಂಗಳ ಮಗುವಿನ ಜೊತೆ ಹೋಗುತ್ತೇನೆ ಅಂದರೆ ಗಡುವು ಮೀರಿಹೋಗಿರುತ್ತದೆ. ಹಾಗೆ ಬರಲೇಬೇಕಿದ್ದರೆ ಹೊರಡುವ ಮೊದಲೇ ವಿದೇಶಿಯರ ಕಚೇರಿಯಿಂದ ಬರವಣಿಗೆಯಲ್ಲಿ ಹೆಚ್ಚಿನ ಅವಧಿ ಪಡೆದುಕೊಳ್ಳಿ.

ಅಣ್ಣನ ಮಾತಿಗೆ ಬರುತ್ತೇನೆ. ಅದರಲ್ಲಿ ಎರಡು ತಪ್ಪಿವೆ. ಮೊದಲನೆಯದು 'ಅರ್ಧ ಆಸ್ತಿ.' ಜರ್ಮನಿಯಲ್ಲಿ ಮದುವೆಯಾದ ಕೂಡಲೇ ಅರ್ಧ ಯಾರದ್ದೂ ಆಗುವುದಿಲ್ಲ. ಅವರವರ ಆಸ್ತಿ ಅವರದ್ದೇ. ವಿಚ್ಛೇದನವಾದರೆ ಮದುವೆಯ ಅವಧಿಯಲ್ಲಿ ಯಾರ ಸಂಪತ್ತು ಎಷ್ಟು ಬೆಳೆಯಿತು ಅಂತ ಲೆಕ್ಕ ಹಾಕಿ, ಹೆಚ್ಚು ಬೆಳೆದವರು ವ್ಯತ್ಯಾಸದ ಅರ್ಧವನ್ನು ಇನ್ನೊಬ್ಬರಿಗೆ ಕೊಡಬೇಕು. ಅತ್ತೆ ಮಾವನ ಮನೆ ನಿಮ್ಮ ಗಂಡನಿಗೆ ಬಂದರೂ ಅದು ಪಿತ್ರಾರ್ಜಿತ, ಈ ಲೆಕ್ಕದ ಹೊರಗೆ. ಬೆಲೆ ಏರಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ಈ ನಿಯಮವೇ ಅನ್ವಯ ಆಗದಿರಬಹುದು. 2019ರ ಜನವರಿ 29ರ ನಂತರ ಮದುವೆಯಾದವರಿಗೆ ಯುರೋಪಿಯನ್ ಒಕ್ಕೂಟದ ಒಂದು ನಿಯಮ ಇದೆ, ಜರ್ಮನಿ ಅದನ್ನು ಪಾಲಿಸುತ್ತದೆ. ಗಂಡ ಹೆಂಡತಿ ಏನನ್ನೂ ಬರೆದಿಡದಿದ್ದರೆ, ಮದುವೆಯಾದ ಮೇಲೆ ಇಬ್ಬರೂ ಮೊದಲು ಸಂಸಾರ ಹೂಡಿದ ದೇಶದ ಕಾನೂನು ಅವರ ಆಸ್ತಿಗೆ ಅನ್ವಯ. ನೀವು ಮೊದಲು ಸಂಸಾರ ಹೂಡಿದ್ದು ಮೈಸೂರಿನಲ್ಲಿ. ಭಾರತದಲ್ಲಿ ಗಂಡ ಹೆಂಡತಿಯ ನಡುವೆ ಹೀಗೆ ಗಳಿಕೆ ಹಂಚುವ ಕಾನೂನು ಇಲ್ಲ. ಹತ್ತು ವರ್ಷ ಅಲ್ಲಿ ಮನೆ, ಮಗು, ಮಾವನನ್ನು ನೋಡಿಕೊಂಡು ಕೊನೆಗೆ ಪಾಲು ಕೇಳಿದರೆ, ನಿಮಗೆ ಭಾರತದ ಕಾನೂನು ಅಂತ ಎದುರು ವಕೀಲರು ಹೇಳಬಹುದು. ಇದಕ್ಕೆ ಪರಿಹಾರ ಸುಲಭ. ಅಲ್ಲಿ ಹೋದ ಮೇಲೆ ಇಬ್ಬರೂ ನೋಟರಿ ಬಳಿ ಹೋಗಿ, ನಮ್ಮ ಆಸ್ತಿಗೆ ಜರ್ಮನ್ ಕಾನೂನು ಅಂತ ಪತ್ರ ಮಾಡಿಸಿ. ಅಲ್ಲಿನ ನೋಟರಿ ನಮ್ಮ ಕೋರ್ಟಿನ ಮುಂದೆ ಸೀಲು ಹೊಡೆಯುವವರ ಥರ ಅಲ್ಲ. ಕಾನೂನು ಓದಿದವರು, ಪತ್ರವನ್ನು ಗಟ್ಟಿಯಾಗಿ ಪೂರ್ತಿ ಓದಿ ಹೇಳುವುದು ಅವರ ಕರ್ತವ್ಯ. ನಿಮಗೆ ಜರ್ಮನ್ ಅರ್ಥವಾಗದಿದ್ದರೆ ಅನುವಾದಕರನ್ನು ಕೇಳಿ. ಗಂಡನೇ ಅನುವಾದಕ ಆಗುವುದು ಬೇಡ.

ವಿಚ್ಛೇದನವಾದರೆ ಜೀವನಪೂರ್ತಿ ಜೀವನಾಂಶ ಸಿಗುತ್ತದೆ ಅನ್ನುವುದೂ ಭ್ರಮೆ. 2008ರ ತಿದ್ದುಪಡಿಯ ನಂತರ, ವಿಚ್ಛೇದನ ಆದ ಮೇಲೆ ತಮ್ಮ ಜೀವನ ತಾವೇ ನೋಡಿಕೊಳ್ಳಬೇಕು ಅನ್ನುವುದೇ ಅಲ್ಲಿಯ ಮೂಲ ನಿಯಮ. ಮಗುವಿಗೆ ಮೂರು ವರ್ಷ ಆಗುವವರೆಗೆ ಮಗು ನೋಡಿಕೊಳ್ಳುವವರಿಗೆ ಜೀವನಾಂಶ ಇದೆ. ಆಮೇಲೆ ಪರಿಸ್ಥಿತಿ ನೋಡಿ. ಮತ್ತೆ ನಿಮ್ಮ ವೃತ್ತಿಯ ಮಾತಿಗೇ ಬಂದು ನಿಲ್ಲುತ್ತೇವೆ, ನೋಡಿ.

ಅಣ್ಣನ ಎರಡನೇ ತಪ್ಪು ಪೌರತ್ವದ್ದು. ಜರ್ಮನ್ ಪ್ರಜೆಯ ಹೆಂಡತಿ ಅಲ್ಲಿ ಮೂರು ವರ್ಷ ಇದ್ದು, ಮದುವೆಯಾಗಿ ಎರಡು ವರ್ಷ ಆಗಿದ್ದರೆ ಪೌರತ್ವ ಕೇಳಬಹುದು. ಭಾಷೆ ಬಿ1 ಇರಬೇಕು, ಪೌರತ್ವದ ಪರೀಕ್ಷೆಯಲ್ಲಿ 33 ಪ್ರಶ್ನೆಗೆ 17 ಸರಿ ಇರಬೇಕು. 2024ರ ಜೂನ್ 27ರಿಂದ ಹಳೆಯ ಪೌರತ್ವ ಬಿಡಿ ಅಂತ ಜರ್ಮನಿ ಕೇಳುವುದಿಲ್ಲ. ಇದನ್ನು ಕೇಳಿ ಬಹಳ ಜನ ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು ಅಂದುಕೊಂಡಿದ್ದಾರೆ. ಜರ್ಮನಿ ಬಿಟ್ಟರೂ ಭಾರತ ಬಿಡುವುದಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವ ಹೋಯಿತು. ಆಮೇಲೆ ಒಸಿಐ ಕಾರ್ಡ್ (ವಿದೇಶಿ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಸಿಗುತ್ತದೆ. ಅದು ಬಂದು ಹೋಗಲು, ಇರಲು ಅನುಕೂಲ, ಪೌರತ್ವ ಅಲ್ಲ. ಮತ ಹಾಕಲಾಗದು, ಕೃಷಿ ಜಮೀನು ಕೊಳ್ಳಲಾಗದು. ನನ್ನ ಸಲಹೆ, ಪೌರತ್ವಕ್ಕೆ ಆತುರ ಬೇಡ. ಮೂರು ವರ್ಷದ ನಂತರ, ಬಿ1 ಭಾಷೆಯ ಜೊತೆ, ಕಾಯಂ ವಾಸದ ಪರವಾನಗಿ ಕೇಳಬಹುದು. ಭಾರತದ ಪಾಸ್‌ಪೋರ್ಟ್ ಹಾಗೇ ಉಳಿಯುತ್ತದೆ.

ಅಪ್ಪನ ಜಮೀನಿನ ಚಿಂತೆಗೆ ಬಂದರೆ, ವಿದೇಶದವರನ್ನು ಮದುವೆಯಾದ್ದರಿಂದಾಗಲಿ, ಅಲ್ಲಿ ಹೋಗಿ ನೆಲೆಸಿದ್ದರಿಂದಾಗಲಿ ನಿಮ್ಮ ಪಾಲು ಹೋಗುವುದಿಲ್ಲ. ವಿಶೇಷ ವಿವಾಹ ಕಾಯ್ದೆಯ 19ನೇ ಕಲಂ ಪ್ರಕಾರ ನೀವು ಅವಿಭಕ್ತ ಕುಟುಂಬದಿಂದ ಬೇರೆಯಾದ ಹಾಗೆ. ಬೇರೆಯಾಗುವುದು ಬೇರೆ, ಹಕ್ಕು ಕಳೆದುಕೊಳ್ಳುವುದು ಬೇರೆ. ಆದರೆ ಜಮೀನು ನಿಮಗೆ ಯಾವ ರೀತಿ ಬರುತ್ತದೆ ಅನ್ನುವುದು ಮುಖ್ಯ. ಹೊರದೇಶದಲ್ಲಿ ನೆಲೆಸಿದವರು ಕೃಷಿ ಜಮೀನನ್ನು ವಾರಸುದಾರಿಕೆಯಿಂದ ಪಡೆಯಬಹುದು. ಕೊಂಡುಕೊಳ್ಳುವಂತಿಲ್ಲ, ದಾನಪತ್ರದ ಮೂಲಕವೂ ಪಡೆಯುವಂತಿಲ್ಲ. ಇದು ವಿದೇಶಿ ವಿನಿಮಯದ ನಿಯಮ. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿದ್ದರಿಂದ ಇದು ಬದಲಾಗಿಲ್ಲ. ಆದ್ದರಿಂದ ಅಪ್ಪ ನಿಮಗೆ ಜಮೀನನ್ನು ದಾನಪತ್ರ ಮಾಡಿಕೊಡುವ ಮನಸ್ಸಿನಲ್ಲಿದ್ದರೆ ನೀವು ಹೊರಡುವ ಮೊದಲೇ ರಿಜಿಸ್ಟರ್ ಆಗಲಿ. ಇಲ್ಲವಾದರೆ ವಿಲ್ ಬರೆಯಲಿ. ಪವರ್ ಆಫ್ ಅಟಾರ್ನಿ ಕೊಡುವುದಾದರೆ ಇಂಥ ಕೆಲಸಕ್ಕೆ ಮಾತ್ರ ಅಂತ ಬರೆದು ಕೊಡಿ. 'ಎಲ್ಲದಕ್ಕೂ' ಅಂತ ಯಾರಿಗೂ ಬೇಡ, ಅಣ್ಣನಿಗೂ ಬೇಡ. ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆ, ಅಂದರೆ ಹೊರದೇಶದಲ್ಲಿ ನೆಲೆಸಿದವರ ಖಾತೆ, ಮಾಡಿಸಬೇಕು. ಮುಚ್ಚಬೇಡಿ, ನಿಮ್ಮ ಹೆಸರಿನಲ್ಲಿ ಇಲ್ಲೂ ಒಂದಿಷ್ಟು ದುಡ್ಡು ಇರಲಿ.

ಹಾಗಾದರೆ ಯಾವಾಗ, ಹೇಗೆ ಹೋಗುವುದು? ನಿಮ್ಮ ಮುಂದೆ ಎರಡು ದಾರಿ ಇವೆ. ಎ1 ಮುಗಿಸಿ ಇಬ್ಬರೂ ಒಟ್ಟಿಗೆ ಈಗಲೇ ಹೋಗಬಹುದು. ಮೂರು ವರ್ಷದ ಎಣಿಕೆ ಬೇಗ ಶುರುವಾಗುತ್ತದೆ, ಮಾವನವರ ಕಷ್ಟದ ಕಾಲದಲ್ಲಿ ಜೊತೆಗಿದ್ದ ಹಾಗೂ ಆಗುತ್ತದೆ. ಅಪಾಯ ಏನೆಂದರೆ ನೀವು ಮೊದಲ ದಿನದಿಂದಲೇ ಆರೈಕೆಯ ಕೈ ಆಗಿಬಿಡುತ್ತೀರಿ. ಇನ್ನೊಂದು, ಗಂಡ ಮೊದಲು ಹೋಗಲಿ, ನೀವು ಕೆಲಸದಲ್ಲಿದ್ದುಕೊಂಡೇ ಭಾಷೆಯನ್ನು ಬಿ1ವರೆಗೆ ಮುಟ್ಟಿಸಿ, ಮಾನ್ಯತೆಯ ಅರ್ಜಿ ಹಾಕಿ, ಆಮೇಲೆ ಹೋಗುವುದು. ನನ್ನ ಒಲವು ಇದರ ಕಡೆಗೆ. ಆದರೆ ಏಳೆಂಟು ತಿಂಗಳಿಗಿಂತ ಜಾಸ್ತಿ ಎಳೆಯಬೇಡಿ. ದೂರ ಇದ್ದಷ್ಟೂ ಅವರು ಅಲ್ಲಿನ ಮಗನಾಗುತ್ತಾ ಹೋಗುತ್ತಾರೆ, ನೀವು ಹೊಸದಾಗಿ ಬಂದವರಾಗುತ್ತೀರಿ. ಮೈಸೂರಿನಲ್ಲಿ ನೀವು ಕಂಡ ಗಂಡ, ತಾಯಿಯ ಅಡುಗೆಮನೆಯಲ್ಲಿ ಕೂತ ಮಗ, ಇಬ್ಬರೂ ಒಂದೇ ಥರ ಇರುವುದಿಲ್ಲ. ಅದಕ್ಕೆ ಸಿದ್ಧವಾಗಿರಿ. ಗಾಬರಿ ಬೇಡ.

ಮೇಲಿನ ಮಹಡಿಯ ಬಗ್ಗೆ ಇಷ್ಟು. ಬಾಡಿಗೆ ಎಷ್ಟೇ ಕಡಿಮೆ ಇರಲಿ, ಇಬ್ಬರ ಹೆಸರಿನಲ್ಲೂ ಬಾಡಿಗೆ ಕರಾರು ಮಾಡಿಸಿ. ಮನೆಗೆ ಹೋದ ಎರಡು ವಾರದಲ್ಲಿ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮನೆಯ ಮಾಲೀಕರ ಪತ್ರ ಬೇಕು. ನಿಮ್ಮ ವಿಷಯದಲ್ಲಿ ಮಾಲೀಕರು ಅತ್ತೆ ಮಾವನೇ. ಕೆಳಗಿನ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಪೂರ್ತಿ ಹೆಸರು ಅಂಟಿಸಿ. ಇದು ಸಣ್ಣ ವಿಷಯ ಅನ್ನಿಸಬಹುದು. ಜರ್ಮನಿಯಲ್ಲಿ ವೀಸಾ, ಬ್ಯಾಂಕು, ವಿಮೆ, ಕೋರ್ಸು ಎಲ್ಲ ಕಾಗದದಲ್ಲೇ ಬರುತ್ತದೆ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ನಿಮ್ಮ ಹೆಸರಿಗೆ ಬಂದ ಕಾಗದವನ್ನು ನೀವೇ ಒಡೆಯಿರಿ. ಫೋನಿನ ಅನುವಾದ ಇಟ್ಟುಕೊಂಡು ಓದಿ, ಅರ್ಥವಾಗದಿದ್ದರೆ ಆಮೇಲೆ ಗಂಡನನ್ನು ಕೇಳಿ. ಮೊದಲ ತಿಂಗಳಲ್ಲೇ ನಿಮ್ಮದೇ ಬ್ಯಾಂಕ್ ಖಾತೆ ತೆರೆಯಿರಿ, ಮನೆ ಖರ್ಚಿಗೆ ಜಂಟಿ ಖಾತೆ ಬೇರೆ ಇರಲಿ. ಆರೋಗ್ಯ ವಿಮೆಯಲ್ಲಿ ಗಂಡ ಸಾರ್ವಜನಿಕ ನಿಧಿಯಲ್ಲಿದ್ದರೆ ದುಡಿಯದ ಹೆಂಡತಿ ಹೆಚ್ಚಿನ ಕಂತು ಇಲ್ಲದೆ ಸೇರಬಹುದು. ಖಾಸಗಿಯಲ್ಲಿದ್ದರೆ ನಿಮಗೆ ಬೇರೆ ಕಂತು, ಇದನ್ನು ಈಗಲೇ ಕೇಳಿಕೊಳ್ಳಿ.

ನೀವು ದುಡಿಯಲು ಶುರು ಮಾಡಿದಾಗ ತೆರಿಗೆ ವರ್ಗದ ಮಾತು ಬರುತ್ತದೆ. ತಿಂಗಳ ಸಂಬಳದಲ್ಲಿ ಎಷ್ಟು ತೆರಿಗೆ ಕಡಿತ ಅನ್ನುವುದು ಈ ವರ್ಗದ ಸಂಖ್ಯೆಯ ಮೇಲೆ. ಹೆಚ್ಚು ದುಡಿಯುವ ಗಂಡನಿಗೆ 3, ಹೆಂಡತಿಗೆ 5 ಅಂತ ಹಾಕಿದರೆ ತಿಂಗಳಿಗೆ ಮನೆಗೆ ಬರುವ ದುಡ್ಡು ಜಾಸ್ತಿ ಕಾಣುತ್ತದೆ. ಆದರೆ ನಿಮ್ಮ ಕೈಗೆ ಬರುವ ಸಂಬಳ ಕುಗ್ಗುತ್ತದೆ. ಹೆರಿಗೆಯ ನಂತರದ ಪೋಷಕರ ಭತ್ಯೆಯನ್ನು ಲೆಕ್ಕ ಹಾಕುವುದು ಕೈಗೆ ಬಂದ ಸಂಬಳದ ಮೇಲೆ. ನಿರುದ್ಯೋಗ ಭತ್ಯೆಯೂ ಹಾಗೇ. ಮಗುವಿನ ಯೋಚನೆ ಇರುವವರು ಇಬ್ಬರೂ 4 ಇಟ್ಟುಕೊಳ್ಳುವುದು ಮೇಲು.

ಸಣ್ಣ ಊರು ಅಂದಿರಿ. ಹಾಗಾದರೆ ಕಾರು ಓಡಿಸಲು ಬರದಿದ್ದರೆ ಮನೆಯಲ್ಲೇ ಕೂತಿರಬೇಕಾಗುತ್ತದೆ. ಭಾರತದ ಲೈಸೆನ್ಸ್ ಅಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಪಾಸಾಗಬೇಕು. ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಬಹುದು. ಆ ಆರು ತಿಂಗಳೊಳಗೇ ಶುರು ಮಾಡಿ.

ಅಪ್ಪ ಅಮ್ಮನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವರು ನಿಮ್ಮನ್ನು ನೋಡಲು ಬರಬಹುದು, ಪ್ರತಿ 180 ದಿನದಲ್ಲಿ 90 ದಿನದವರೆಗೆ. ಅವರನ್ನು ಅಲ್ಲೇ ಕಾಯಂ ಇಟ್ಟುಕೊಳ್ಳುವುದು ನಿಮ್ಮ ಪರಿಸ್ಥಿತಿಯಲ್ಲಿ ಬಹುತೇಕ ಆಗದ ಮಾತು. ಮಾವನವರಿಗೆ ಹುಷಾರಿಲ್ಲದಾಗ ಮಗ ವಾಪಸ್ ಹೋಗುತ್ತಿದ್ದಾರೆ, ಸರಿ. ನಾಳೆ ಮೈಸೂರಿನಲ್ಲಿ ಇದೇ ಪರಿಸ್ಥಿತಿ ಬಂದರೆ ನೀವು ಎಷ್ಟು ತಿಂಗಳು ಬರಬಹುದು, ಖರ್ಚು ಯಾವ ಖಾತೆಯಿಂದ, ಆಗ ಮಗು ಇದ್ದರೆ ಯಾರ ಜೊತೆ ಅಂತ ಗಂಡನನ್ನು ಈಗಲೇ ಕೇಳಿ. ಒಳ್ಳೆಯ ಮನುಷ್ಯ ಅಂದಿರಲ್ಲ, ಬೇಸರ ಮಾಡಿಕೊಳ್ಳಲಾರರು.

ಈ ವಾರ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಪಾಸ್‌ಪೋರ್ಟ್ ತೆಗೆದು ಮನೆಹೆಸರಿನ ಜಾಗ ನೋಡಿ. ನಮ್ಮ ಕಡೆ ಎಷ್ಟೋ ಜನರದ್ದು ಅದು ಖಾಲಿ ಇರುತ್ತದೆ. ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಮದುವೆ ಸರ್ಟಿಫಿಕೇಟಿನಲ್ಲಿ ಇನ್ನೊಂದು. ಅಲ್ಲಿಯ ಫಾರಂಗಳಿಗೆ ಮನೆಹೆಸರು ಬೇಕೇ ಬೇಕು. ಒಂದೊಂದು ಕಚೇರಿಯವರು ಒಂದೊಂದು ಥರ ತುಂಬಿದರೆ ಆಮೇಲೆ ಸರಿಪಡಿಸಲು ಹೈರಾಣಾಗುತ್ತೀರಿ. ಗಂಡನ ಮನೆಹೆಸರು ಹಾಕಿಕೊಳ್ಳಲೇಬೇಕು ಅಂತ ಜರ್ಮನ್ ಕಾನೂನು ಹೇಳುವುದಿಲ್ಲ, ನಿಮ್ಮ ಹೆಸರನ್ನೇ ಇಟ್ಟುಕೊಳ್ಳಬಹುದು. ಯಾವ ಹೆಸರು ಅಂತ ನಿರ್ಧರಿಸಿ, ಮೊದಲು ಪಾಸ್‌ಪೋರ್ಟ್ ಸರಿ ಮಾಡಿಸಿ. ವೀಸಾ ಅರ್ಜಿ ಅದಾದ ಮೇಲೆ.